ಕರಿಬಟ್ಟೆಯೊಳಗೆ ಕಂಡ ಅಜ್ಜಿ

“ಅಯ್ಯೋ, ಅಜ್ಜಿ ತಲೆಕೆಳಗಾಗವ್ಳೆ!”

ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ ನಾನು ಕಿರುಚಿಬಿಟ್ಟೆ. ಅಜ್ಜಿಯ ಪಟ ತೆಗೆಯಲು ಮದ್ದೂರಿನ ಫೋಟೋ ಸಾಹೇಬರು ಮಳವಳ್ಳಿಯ ನಮ್ಮ ಅಂಗಳಕ್ಕೆ ಬಂದಿದ್ದರು. ಯುದ್ಧದ ದೆಸೆಯಿಂದ ಸರಕು ಬರದೆ, ಪಟ ಮೂಡಿಸುವ ಗಾಜಿನ ಪ್ಲೇಟು ಅವರಲ್ಲಿ ಒಂದೇ ಉಳಿದಿತ್ತು.

“ಕ್ಯಾಮೆರಾ ಹಿಂದ್ಗಡೆ ಗಾಜಿನ ಮೇಲೆ ಅಂಗೇ ಕಾಣಾದು ಕಣವ್ವ. ಮೊಕ ಬುಡು, ಬೆಳಕು ಎಲ್ಲಿ ಬಿದ್ದದೆ ನೋಡು,” ಎಂದರು.

ನೋಡಿದೆ. ಅಜ್ಜಿಯೆಂಬುದೇ ಮರೆತು ಬರೀ ಬೆಳಕು, ನೆರಳು ಕಂಡವು. ಬೇವಿನ ನೆರಳು ಅರ್ಧ ಮುಖವನ್ನೇ ನುಂಗಿತ್ತು! ಕೂಗಿ ಹೇಳಿ ಅಜ್ಜಿಯ ಕುರ್ಚಿಯನ್ನು ಬೆಳಕಿಗೆ ಸರಿಸಿಸಿದೆ. ಪಟದಲ್ಲಿ ಅಜ್ಜಿಯ ಮೂಗುತಿಯೂ ಹೊಳೆಯಿತು!

ಈಗ ರಂಗೋಲಿ ಬಿಟ್ಟ ಮೇಲೆ ಬೀದಿಗಿಳಿದು, ಬಗ್ಗಿ ಕಾಲುಗಳ ನಡುವಿನಿಂದ ತಲೆಕೆಳಗಾಗಿ ನೋಡದೆ ನನಗೆ ಸಮಾಧಾನವಿಲ್ಲ. ಡೊಂಕು ಥಟ್ಟನೆ ಕಾಣುತ್ತದೆ. ಅಜ್ಜಿಯಂತೂ ಮನೆಗೆ ಬಂದವರಿಗೆಲ್ಲ ಪಟವನ್ನು ತಲೆಕೆಳಗು ಹಿಡಿದೇ ತೋರಿಸುತ್ತಾಳೆ: “ನಮ್ಮ ಕೂಸು ನನ್ನ ಇಂಗೆ ನೋಡ್ತು!”