ಆಡಿನ ಹಾಲು ಇಳಿದ ವರ್ಷ

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ತಿಂಗಳಾದ ಮೇಲೆ ನಾವು ಕಮಲಾಪುರಕ್ಕೆ ಮರಳಿದೆವು. ಅದಕ್ಕೂ ಮೊದಲಿನ ರಜಾಕಾರರ ಗದ್ದಲದಲ್ಲಿ ಊರು ಬಿಟ್ಟು ಸೋಲಾಪುರದ ಕಡೆ ಹೋಗಿದ್ದೆವು. ಹಸುಗೂಸನ್ನು ಎತ್ತಿಕೊಂಡು ಊರೂರು ತಿರುಗಿದ್ದಕ್ಕೋ, ಅಂಜಿಕೆಗೋ, ನನ್ನ ಎದೆಹಾಲು ಬತ್ತಿಹೋಗಿತ್ತು. ಮಗಳಿಗೆ ಇನ್ನು ನಮ್ಮ ಕರಿ ಆಡೇ ಗತಿ.

ಹೋಗುವಾಗ ಗಬ್ಬದ ಆಡನ್ನು ಪಕ್ಕದ ಮನೆಯ ಮುಸಲ್ಮಾನ ಹೆಂಗಸು, ನಾವು ಖಾಲಾ ಅಂತ ಕರೆಯುತ್ತಿದ್ದವರ ಹತ್ತಿರ ಬಿಟ್ಟಿದ್ದೆವು. ಆಡು ಸಾಕಿಯೇ ಬದುಕಿದವರು ಅವರು; ಮೊದಲಿಂದಲೂ ನಮ್ಮ ಆಡನ್ನೂ ತಮ್ಮವುಗಳ ಜೊತೆ ಅವರೇ ಮೇಯಿಸುತ್ತಿದ್ದರು. ನಾವು ಬಂದ ದಿನ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ಮರಿ ಹಾಕ್ಯದ ಅವ್ವಾ, ಹಾಲು ಚಲೋ ಕೊಡ್ತದ. ಕೂಸಿಗೆ ಕುಡಸು" ಅಂದವರು ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಆಕ್ಷನ್ ಆದ ವಾರ, ಜನ ಮುಸಲ್ಮಾನರ ಮೇಲೆ ತಿರುಗಿಬಿದ್ದಾಗ, ಹೊರಗೆ ಹೋದ ಅವರ ಗಂಡ ತಿರುಗಿ ಬಂದಿರಲಿಲ್ಲ. ಊರವರು ಹೇಳಿದ್ದು ಅದು; ಅವರನ್ನೇ ನಾವು ಕೇಳಲಿಲ್ಲ.

ಮೊದಲ ಕೆಲವು ದಿನ ಹೊತ್ತಿಗೊಂದು ಚರಿಗೆ ಹಾಲು. ಬಾಣಂತಿ ಆಡು ಅಂತ ನಮ್ಮ ಅತ್ತಿ ದಿನಾ ಬೊಗಸೆ ಬೊಗಸೆ ಜೋಳ ಹಾಕುತ್ತಿದ್ದರು. ಆದರೂ ಹಾಲು ಇಳಿಯತೊಡಗಿತು.

"ಆಡು ಬದಲ ಮಾಡ್ಯಾಳ ನೋಡು ಅಕಿ" ಅಂದರು ಅತ್ತಿ. ಹರಿದ ಕಿವಿ ನೋಡಿದೆ, ನಮ್ಮದೇ ಆಡು. "ಹಂಗಾದ್ರ ನಸುಕಿನಾಗ ಬಂದು ಹಿಂಡ್ಕೋತಾಳ. ಕಾಯಿ" ಅಂತ ನನಗೆ ಹೇಳಿದರು.

ಕಾದೆ. ಬೆಳಕು ಹರಿಯುವ ಹೊತ್ತಿಗೆ ಖಾಲಾ ಮನೆಗೂ ನಮಗೂ ನಡುವಿನ ಮೋಟುಗೋಡೆಯ ಮೇಲಿಂದ ಒಂದು ಕೈ ಇಳಿಯಿತು. ಆಡು ಕುತ್ತಿಗೆ ಚಾಚಿ ಆ ಕೈಯಿಂದ ಏನನ್ನೋ ತಿಂದಿತು. ಏನದು ಅಂತ ನಾನು ಹತ್ತಿರ ಹೋಗಿ ನೋಡಲಿಲ್ಲ. ಒಳಗೆ ಓಡಿ ಅತ್ತಿಯ ಮುಂದೆ ಹೇಳಿದೆ.

"ಮದ್ದು ಹಾಕಾಕತ್ತಾಳ!" ಅಂದರು ಅತ್ತಿ. ಅವತ್ತೇ ಗೋಡೆಯ ಮೇಲೆ ಜಾಲಿಮುಳ್ಳು ಹೇರಿಸಿದರು. ಮದ್ದಿನ ಜೋರು ಇಳಿಯಲಿ ಅಂತ ಆಡಿನ ಮುಂದೆ ಬುಟ್ಟಿ ತುಂಬ ಜೋಳ ಇಟ್ಟರು. ಅದು ಅಷ್ಟನ್ನೂ ತಿಂದಿತು.

ಮರುದಿನಕ್ಕೆ ಹೊಟ್ಟೆ ಉಬ್ಬಿತು. ಮೆಲುಕು ನಿಂತಿತು. ಹಿಕ್ಕೆ ನೀರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕೆಚ್ಚಲು ಜೋತುಬಿದ್ದಿತ್ತು. ಮಗಳು ಗಂಜಿ ಉಗುಳಿ ಅಳುತ್ತಿದ್ದಳು. ಉದ್ದಿನ ಚೀಲ ಹೊತ್ತು ಕಲಬುರ್ಗಿಗೆ ಹೊರಟಿದ್ದ ಗಾಡಿಯಲ್ಲಿ ಆಡನ್ನು ಹಾಕಿಕೊಂಡು, ಕೂಸನ್ನು ಎತ್ತಿಕೊಂಡು, ಅತ್ತಿ ನಾನು ಇಬ್ಬರೂ ದನದ ದವಾಖಾನೆಗೆ ಹೋದೆವು.

ಹಗ್ಗ ಬಿಚ್ಚುವ ಮೊದಲೇ ಅತ್ತಿ, "ಮದ್ದು ಹಾಕ್ಯಾರ್ರೀ ಸಾಹೇಬರ, ಹಂಗಂತ ಬರದು ಕೊಡ್ರಿ" ಅಂದರು. ಡಾಕ್ಟರು ಆಡಿನ ಪಕ್ಕೆ ಒತ್ತಿ ನೋಡಿ, ಬಾಯಿ ಮೂಸಿ ಕೇಳಿದರು, "ಏನು ತಿನಸೀರಿ?"

"ಜ್ವಾಳರೀ. ಹೊಟ್ಟಿ ತುಂಬ."

"ಮದಲ ಏನು ತಿಂತಿತ್ತು?"

ನಮಗೆ ಗೊತ್ತಿರಲಿಲ್ಲ.

"ಮದ್ದಿಲ್ಲ ಏನಿಲ್ಲ" ಅಂದರು ಅವರು. "ಇದರ ಹೊಟ್ಟ್ಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಜೀವ ಅದಾವ. ಮೇವು ಕರಗಸೋವು ಅವು. ಸೊಪ್ಪು ತಪ್ಪಲಕ್ಕ ರೂಢಿ ಆದ ಹೊಟ್ಟಿಗಿ ಒಮ್ಮಿಗೇ ಜ್ವಾಳ ಸುರದ್ರ ಹೊಟ್ಟಿ ಹುಳಿ ಆಗ್ತದ, ಅವು ಸಾಯ್ತಾವ. ಅವು ಸತ್ತ ಮ್ಯಾಲ ಹಾಲು ಎಲ್ಲಿಂದ ಬರಬೇಕು?" ಸೋಡಾ ಕಲಸಿದ ನೀರು ಕುಡಿಸಿದರು. ಮೊದಲಿನ ಮೇವು ಯಾವುದು ಅಂತ ಕೇಳಿ ಅದನ್ನೇ ಹಾಕಬೇಕೆಂದರು.

ದಾರಿಯುದ್ದಕ್ಕೂ ಅತ್ತಿ ಗೊಣಗಿದರು. "ಹೊಟ್ಟ್ಯಾಗ ಜೀವ ಅದಾವಂತ! ಯಾರು ನೋಡ್ಯಾರ? ಅವನೂ ಅಕಿ ಕಡಿಯವನೇ ಇರಬೇಕು."

ಖಾಲಾ ಮನೆಯ ಬಾಗಿಲು ತಟ್ಟಿದವಳು ನಾನೇ. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ನನ್ನ ಹಿಂದೆ ಗಂಡಸರು ಯಾರಾದರೂ ಇದ್ದಾರೇನೋ ಅಂತ ಅವರು ಇಣುಕಿ ನೋಡಿದರು. ನಮ್ಮ ಮೇಲೆ ಅವರಿಗೂ ಸಂಶಯವಿದೆ ಅನ್ನುವುದು ನನಗೆ ಹೊಳೆದದ್ದು ಆಗ.

ನಡೆದದ್ದನ್ನು ಹೇಳಿದೆ. "ಜ್ವಾಳ ಹಾಕೀರೇನು! ಯಾ ಅಲ್ಲಾ!" ಅಂದರು. "ಬಾರಿಹಣ್ಣಿನ ಗಿಡದ ತಪ್ಪಲ, ತೊಗರಿ ಹೊಟ್ಟು ತಿಂದು ಬೆಳದದ್ದದು. ಅದಕ್ಕ ಒದರತಿತ್ತು. ಗ್ವಾಡಿ ಮ್ಯಾಲಿಂದ ಒಂದೀಟು ತಪ್ಪಲ ಕೊಡ್ತಿದ್ದೆ. ಮುಳ್ಳು ಹಚ್ಚೀರಿ, ಬಿಟ್ಟೆ."

ಆಡನ್ನು ನೋಡಲು ಬಂದರು, ತಮ್ಮದೊಂದು ಆಡನ್ನೂ ಹಿಡಿದುಕೊಂಡು. ಆರೋಗ್ಯದ ಆಡಿನ ಮೆಲುಕು ತೆಗೆದು ಬೇನೆಬಿದ್ದ ಆಡಿನ ಬಾಯಿಗೆ ಇಡಬೇಕು, ಅವರ ಅಮ್ಮ ಹಾಗೆ ಮಾಡುತ್ತಿದ್ದರಂತೆ. ಆದರೆ ಅವರು ಕೈ ಹಾಕಲಿಲ್ಲ.

"ನೀನೇ ತಗಿ. ನೀನೇ ಇಡು. ನಿಮ್ಮ ಅತ್ತಿ ನಿಂತು ನೋಡ್ಲಿ. ನಾಳೆ ಆಡು ಸತ್ರ ನನ್ನ ಹೆಸರು ಬರಬಾರದು."

ಅತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಖಾಲಾ ತಮ್ಮ ಆಡಿನ ದವಡೆ ಹಿಡಿದರು. ನಾನು ಬೆರಳು ತೂರಿಸಿ ಹಸಿರು, ಬಿಸಿಬಿಸಿ ಮುದ್ದೆ ತೆಗೆದು ನಮ್ಮ ಆಡಿನ ನಾಲಿಗೆಯ ಹಿಂದಕ್ಕೆ ಇಟ್ಟೆ. ಮೂರು ದಿನ ಹೀಗೆ ಮಾಡಿದೆವು. ಜೋಳ ನಿಲ್ಲಿಸಿ ಒಣ ಹೊಟ್ಟು, ಬಾರಿ ತಪ್ಪಲ ಹಾಕಿದೆವು. ನಾಲ್ಕನೆಯ ದಿನ ಆಡು ತಾನೇ ಕೂತು ಮೆಲುಕಾಡಿಸಿತು. ಹಾಲು ಮೊದಲಿನಷ್ಟಾಗಲಿಲ್ಲ, ಆದರೆ ಮಗಳಿಗೆ ಸಾಲುವಷ್ಟಾಯಿತು. ಅತ್ತಿ ಮಾತ್ರ ಅದು ಸೋಡಾದ ಗುಣ ಅಂದರು.

ಮರುವರ್ಷ ಖಾಲಾ ಆಡುಗಳನ್ನು ಮಾರಿ, ಕಲಬುರ್ಗಿಯ ತಮ್ಮನ ಮನೆ ಸೇರಿದರು. ಅಲ್ಲಿನ ಬಜಾರದಲ್ಲಿ ಒಮ್ಮೆ ಸಿಕ್ಕಿದ್ದರು. ಮಗಳ ಗಲ್ಲ ಮುಟ್ಟಿ, "ಇಕಿನೇ ಏನು? ದೊಡ್ಡಾಕಿ ಆಗ್ಯಾಳ" ಅಂದರು. ಆಮೇಲೆ ಮೆಲ್ಲಗೆ, "ಮುಳ್ಳು ಹಚ್ಚಂತ ನಿಮ್ಮ ಅತ್ತಿಗಿ ಯಾರು ಹೇಳಿದ್ರವ್ವಾ?" ಅಂತ ಕೇಳಿದರು.

"ಗೊತ್ತಿಲ್ಲ ಖಾಲಾ" ಅಂದೆ, ಆ ನಸುಕಿನಲ್ಲಿ ಒಳಗೆ ಓಡಿ ಹೇಳಿದವಳು ನಾನೇ ಆಗಿದ್ದರೂ. ಅವರು ಬುರ್ಖಾ ಸರಿಮಾಡಿಕೊಂಡು ಗದ್ದಲದೊಳಗೆ ನಡೆದುಬಿಟ್ಟರು.