ನಿಮ್ಮಜ್ಜ ನುಂಗಿದ ಕೆಂಪು ಕ್ಯಾಪ್ಸೂಲ್

ನೀವು ಕಂಡ ನಿಮ್ಮಜ್ಜ ಜಗುಲಿಯ ಕುರ್ಚಿಯಲ್ಲಿ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದವರು. ನಿಮ್ಮಲ್ಲೊಬ್ಬಳು ಚಿಕ್ಕವಳಿದ್ದಾಗ "ಅಜ್ಜ ಹುಟ್ಟಿದಾಗಿಂದಲೂ ಮೂಗರಾ?" ಅಂತ ಕೇಳಿದ್ದಳು. ಅವತ್ತು ನಾನು ಉತ್ತರ ಹೇಳದೆ ಒಳಗೆ ಹೋಗಿಬಿಟ್ಟೆ. ಬಾಯಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ, ಬರೆದರೆ ಆದೀತು ಅಂತ ಕೂತಿದ್ದೇನೆ.

ನಿಮ್ಮಜ್ಜ ಮೂಗರಲ್ಲ. ಬಿಳಿಗೆರೆ ಕಡೆಯಿಂದ ಯಾರೇ ನಮ್ಮ ಊರಿನ ದಾರಿಯಲ್ಲಿ ಹೋದರೂ ನಿಲ್ಲಿಸಿ ಮಾತಾಡಿಸದೆ ಬಿಡುತ್ತಿರಲಿಲ್ಲ. ತೋಟದ ಈ ತುದಿಯಲ್ಲಿ ನಿಂತು ಆ ತುದಿಯ ಆಳಿಗೆ ತಮಾಷೆ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗೆ ಅವರ ಗಂಟಲು ಕೇಳಿದರೇ ನಾಚಿಕೆಯಾಗುತ್ತಿತ್ತು.

ನಿಮ್ಮ ದೊಡ್ಡಜ್ಜಿ, ಅಂದರೆ ಅಜ್ಜನ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ಆಕೆ ಈ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮಜ್ಜ ಇನ್ನೂ ಚಡ್ಡಿ ಹಾಕುವ ಹುಡುಗ. ಅತ್ತೆ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಹಾಗಾಗಿ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ್ದು, ಮುದ್ದೆ ಮುರಿದು ಬಾಯಿಗಿಟ್ಟದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ಆಕೆಯೇ. "ನಮ್ಮ ಅತ್ತಿಗಮ್ಮ" ಅಂತ ನಿಮ್ಮಜ್ಜ ಹೇಳುವಾಗ ಬೇರೆಯವರು "ನಮ್ಮವ್ವ" ಅಂದ ಹಾಗೆ ಕೇಳುತ್ತಿತ್ತು. ನಾನೂ ಅಕ್ಕಾ ಅನ್ನುತ್ತಿದ್ದೆ. ಮನೆ ಎರಡಾದ ಮೇಲೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಕೊಬ್ಬರಿ ಒಡೆಯುವ ದಿನಗಳಲ್ಲಿ ಒಂದೇ ಅಂಗಳದಲ್ಲಿ ಎದುರುಬದುರು ಕೂತು ಕರಟ ಬಿಡಿಸುತ್ತಿದ್ದೆವು.

ಭಾವನವರ ಜೊತೆ ಮಾತ್ರ ನಾನು ಮಾತಾಡುತ್ತಿರಲಿಲ್ಲ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ. ಅವರು ಬಂದರೆ ನಾನು ಬಾಗಿಲ ಹಿಂದೆ. ಏನಾದರೂ ಹೇಳಬೇಕಿದ್ದರೆ ಅಕ್ಕನ ಮೂಲಕವೇ ಹೋಗಬೇಕು, ಅಕ್ಕನ ಮೂಲಕವೇ ಬರಬೇಕು. ಅದು ಕಷ್ಟ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ.

ಅಣ್ಣ ತಮ್ಮ ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಬಿಪಿ ಬಂತು. ತಿಪಟೂರಿನ ಡಾಕ್ಟರು ಇಬ್ಬರಿಗೂ ಒಂದೇ ಥರದ ಮಾತ್ರೆ ಬರೆದುಕೊಟ್ಟು, ದಿನಾ ಬೆಳಿಗ್ಗೆ ತಗೋಬೇಕು, ಬಿಡಬಾರದು ಅಂದರು. ನಿಮ್ಮಜ್ಜ ಗೊಣಗುತ್ತಲೇ ನುಂಗುತ್ತಿದ್ದರು. "ಕಾಯಿಲೆ ಇಲ್ಲದೋನಿಗೆ ಔಷಧಿ ಕೊಟ್ಟವ್ರೆ ಕಣೇ" ಅನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು ಇದು. ಆಗ ತಿಪಟೂರಿನಲ್ಲಿ ಜನರಿಂದ ಜನರಿಗೆ ಸದಸ್ಯರನ್ನು ಸೇರಿಸಿಕೊಂಡು ಔಷಧಿ ಮಾರುವ ಕಂಪನಿಗಳು ಬಂದಿದ್ದವು. ಅಕ್ಕ ಅಂಥದ್ದೊಂದಕ್ಕೆ ಸೇರಿದಳು. ಮೊದಲ ಮೀಟಿಂಗಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಕಲ್ಯಾಣ ಮಂಟಪದಲ್ಲಿ ಟೈ ಕಟ್ಟಿದವನೊಬ್ಬ ಮೈಕ್ ಹಿಡಿದು ಹೇಳಿದ: ಹೃದಯ ಒಂದು ಮೋಟಾರು, ಅದಕ್ಕೆ ಕರೆಂಟ್ ಕೊಡುವುದು ಕೋಎಂಜೈಮ್ ಅನ್ನುವ ವಸ್ತು. ಪ್ರಾಯದಲ್ಲಿ ಅದು ಮೈಯಲ್ಲೇ ತಯಾರಾಗುತ್ತೆ, ವಯಸ್ಸಾದಂತೆ ಕಮ್ಮಿಯಾಗುತ್ತೆ. ಹೊರಗಿಂದ ಕೊಟ್ಟರೆ ಸುಸ್ತು ಹೋಗುತ್ತೆ, ಹೃದಯ ಮತ್ತೆ ಹರೆಯದ ಹೃದಯವಾಗುತ್ತೆ. ಪಂಪ್‌ಸೆಟ್ಟಿಗೆ ವೋಲ್ಟೇಜ್ ಸಿಗದೆ ಒದ್ದಾಡುವ ಜನ ನಾವು. ಆ ಮಾತು ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು.

"ಪಾಪ, ಹೆಂಗೆ ಬೆವರ್ತಾವ್ನೆ ನೋಡೇ. ಮೊದ್ಲು ಅವನಿಗೊಂದು ಕೊಡ್ಬೇಕು" ಅಂದರು ನಿಮ್ಮಜ್ಜ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಅಕ್ಕ ನಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಂದು ಡಬ್ಬಿ ತಂದಳು. ಒಳಗೆ ಕೆಂಪು ಕ್ಯಾಪ್ಸೂಲುಗಳು, ಹಿಡಿದರೆ ಮೆತ್ತಗೆ. ಒಂದನ್ನು ತನ್ನ ಕೈಯಾರೆ ನಿಮ್ಮಜ್ಜನ ಅಂಗೈಗೆ ಹಾಕಿ, "ನುಂಗಪ್ಪ" ಅಂದಳು.

"ಅತ್ತಿಗಮ್ಮ, ಬಿಪಿ ಮಾತ್ರೆ ಜೊತೆಗೆ ತಗೋಬೌದಾ?"

"ಅದ್ಯಾಕೆ ಇನ್ನ? ಇಂಗ್ಲಿಷ್ ಮಾತ್ರೆ ಒಂದ್ಕಡೆ ಎಳೆದ್ರೆ ಇದು ಒಂದ್ಕಡೆ ಎಳೆಯುತ್ತೆ. ನಿಮ್ಮಣ್ಣ ಆಗ್ಲೇ ಬಿಟ್ಟವ್ರೆ. ನೀನೂ ಬುಡು ಅತ್ಲಾಗೆ."

"ಡಾಕ್ಟರನ್ನ ಒಂದು ಮಾತು ಕೇಳಾಣ ಅಕ್ಕಾ" ಅಂದೆ ನಾನು.

"ಅಟ್ಟದ ಮೇಲೆ ಹಾಕಿದ ಕಾಯಿನ ಮಧ್ಯಮಧ್ಯ ಒಡೆದು ನೋಡ್ತೀಯೇನೇ ನೀನು? ವರ್ಷ ಕಾಯಲ್ವಾ? ಇದೂ ಹಂಗೇ. ಒಳಗೊಳಗೇ ಕೆಲಸ ಮಾಡುತ್ತೆ."

ನಿಮ್ಮಜ್ಜ ಜೋರಾಗಿ ನಕ್ಕು, "ಕೇಳುಸ್ಕೊಂಡ್ಯಾ?" ಅಂತ ನನ್ನ ಕಡೆ ನೋಡಿದರು.

ಈ ಮಾತು ಬೇರೆ ಸೀಮೆಯವರಿಗೆ ನಾಟುತ್ತಿರಲಿಲ್ಲವೇನೋ. ನಮಗೆ ನಾಟಿತು. ಕಾಯಿಯನ್ನು ಅಟ್ಟಕ್ಕೇರಿಸಿದ ಮೇಲೆ ನಾವು ಅದರ ಕಡೆ ತಿರುಗಿ ನೋಡುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಕರಟ ಬಿಡಬೇಕು. ಆತುರ ಪಟ್ಟು ಒಡೆದರೆ ಅದು ಕೊಳೆತು ಹೋಗುತ್ತದೆ. ಕಾಯುವುದರಲ್ಲೇ ಬದುಕಿದವರು ನಾವು. ನಿಮ್ಮಜ್ಜ ಮೈಯನ್ನೂ ಹಾಗೇ ಅಟ್ಟಕ್ಕೆ ಹಾಕಿ ಕಾದರು. ಬಿಪಿ ನೋಡಿಸಿಕೊಂಡು ಬನ್ನಿ ಅಂದರೆ, "ಈಗ್ಲೇ ಯಾಕೆ ಒಡೆಯೋದು?" ಅನ್ನುವರು. ಸುಸ್ತು ಹೋಗಿದೆ ಅಂತಲೂ ಹೇಳುತ್ತಿದ್ದರು. ಹೋಗಿತ್ತೋ, ಅತ್ತಿಗಮ್ಮನಿಗೆ ಬೇಜಾರಾಗದಿರಲಿ ಅಂತ ಹೇಳುತ್ತಿದ್ದರೋ, ನನಗೆ ಗೊತ್ತಾಗಲಿಲ್ಲ.

ಒಂದೆರಡು ತಿಂಗಳಾದ ಮೇಲೆ ಅಕ್ಕ ಅವರನ್ನು ಮತ್ತೊಂದು ಮೀಟಿಂಗಿಗೆ ಕರೆದುಕೊಂಡು ಹೋದಳು. ಬಿಳೀ ಪಂಚೆ, ಇಸ್ತ್ರಿ ಮಾಡಿದ ಶರ್ಟು. ನಾನು ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದೆ. ಸ್ಟೇಜ್ ಮೇಲೆ ಅಕ್ಕ ಮೈಕ್ ಹಿಡಿದು, "ಇವನು ನನ್ನ ಮೈದುನ ಅಲ್ಲ, ನನ್ನ ದೊಡ್ಡ ಮಗ" ಅಂದಳು. ನಿಮ್ಮಜ್ಜ ಮುಂದೆ ಬಂದು ತಮ್ಮ ದೊಡ್ಡ ಗಂಟಲಲ್ಲಿ ಹೇಳಿದರು: "ಬಿಪಿ ಮಾತ್ರೆ ಬಿಟ್ಟು ಬಹಳ ದಿನ ಆಯ್ತು ಕಣ್ರೀ. ಮರ ಒಂದು ಹತ್ತಿ ತೋರಿಸ್ಲಾ?" ಮಂಟಪವೆಲ್ಲ ಚಪ್ಪಾಳೆ. ಅಕ್ಕನಿಗೆ ಕಂಪನಿಯವರು ಹಾರ ಹಾಕಿದರು. ನನಗೂ ಹೆಮ್ಮೆಯಾಯಿತು.

ನಿಮ್ಮಜ್ಜ ಬಿದ್ದದ್ದು ಅಂಗಳದಲ್ಲಿ, ಬೆಳಗಿನ ಹೊತ್ತಿನಲ್ಲಿ. ಕಾಯಿ ಸುಲಿಯುವವನ ಜೊತೆ ಏನೋ ಹೇಳುತ್ತಿದ್ದವರ ಮಾತು ತೊದಲಿತು. ಅವನು ತಮಾಷೆ ಅಂದುಕೊಂಡು ನಕ್ಕನಂತೆ. ನಾನು ಹೊರಗೆ ಬರುವಷ್ಟರಲ್ಲಿ ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಜೋತುಬಿದ್ದಿತ್ತು.

ತಿಪಟೂರಿನ ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಬಿಪಿ ನೋಡಿದವರು ಯಂತ್ರ ಕೆಟ್ಟಿದೆಯೇನೋ ಅಂತ ಇನ್ನೊಂದು ತರಿಸಿದರು. ಮಾತ್ರೆ ಯಾವಾಗ ಬಿಟ್ಟರು ಅಂತ ಕೇಳಿದರು. ನಾನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಕ್ಯಾಪ್ಸೂಲಿನ ಡಬ್ಬಿಯನ್ನು ತೋರಿಸಿದೆ. ಅವರು ಓದಿ ನೋಡಿ ಬೈಯಲಿಲ್ಲ.

"ಇದು ವಿಷ ಅಲ್ಲಮ್ಮ. ನಮ್ಮ ಮೈಯಲ್ಲೇ ಇರೋ ವಸ್ತು. ವಯಸ್ಸಾದ್ರೆ ಕಮ್ಮಿ ಆಗೋದೂ ನಿಜ. ಕೆಲವರಿಗೆ ಸ್ವಲ್ಪ ಉಪಯೋಗ ಆಗ್ಬಹುದು, ಕೆಲವರಿಗೆ ಏನೂ ಆಗದೇ ಇರ್ಬಹುದು. ಬೇಕಾಗಿದ್ರೆ ನನ್ನನ್ನ ಕೇಳಿ ಜೊತೆಗೆ ತಗೋಬಹುದಿತ್ತು. ಆದ್ರೆ ಬಿಪಿ ಮಾತ್ರೆ ಬಿಟ್ಟು ಇದನ್ನ ತಗೊಳ್ಳಿ ಅಂತ ಯಾರು ಹೇಳಿದ್ದು?"

ನನ್ನ ಬಾಯಿಂದ ಅಕ್ಕನ ಹೆಸರು ಬರಲಿಲ್ಲ. ಆಗಲೂ ನಾನು ಅವಳ ಮೇಲೆ ತಪ್ಪು ಹೊರಿಸಿರಲಿಲ್ಲ. ಅವಳೂ ನಂಬಿದ್ದಳು, ತನ್ನ ಗಂಡನಿಗೂ ಅದನ್ನೇ ಕೊಟ್ಟಳಲ್ಲ ಅಂದುಕೊಂಡೆ. ಭಾವನಿಗೂ ಹೀಗಾದರೆ ಏನು ಗತಿ ಅಂತ ಹೆದರಿಕೆಯಾಯಿತು.

ಮಾರನೆಯ ದಿನ ಭಾವ ಬಸ್ಸಿನಲ್ಲಿ ಬಂದರು. ತಮ್ಮನ ಮಂಚದ ಪಕ್ಕ ಕೂತು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಜೇಬಿಗೆ ಕೈಹಾಕಿ ಮಾತ್ರೆಯ ಹಾಳೆ ತೆಗೆದು, ಒಂದನ್ನು ಒತ್ತಿ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಆ ಹಾಳೆಯ ಬಣ್ಣ ನನಗೆ ಗೊತ್ತಿತ್ತು. ನಮ್ಮ ಮನೆಯ ಗೂಡಿನಲ್ಲಿ ಅದರ ಅರ್ಧ ಖಾಲಿಯಾದ ಹಾಳೆ ಧೂಳು ಹಿಡಿದು ಬಿದ್ದಿತ್ತು.

ಮದುವೆಯಾಗಿ ಅಷ್ಟು ವರ್ಷಕ್ಕೆ ನಾನು ಭಾವನ ಜೊತೆ ಮೊದಲ ಸಲ ಮಾತಾಡಿದೆ.

"ಭಾವ, ನೀವು ಇದನ್ನ ಬಿಟ್ಟಿಲ್ವಾ?"

ಅವರು ಬೆಚ್ಚಿ ನನ್ನ ಕಡೆ ನೋಡಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. "ಎಲ್ಲಿ ಬಿಡ್ಲಿ ಕಣಮ್ಮ? ಬೆಳಿಗ್ಗೆ ಬಸ್ಸಿನ ಆತುರದಲ್ಲಿ ಮರ್ತಿದ್ದೆ. ನಿಮ್ಮಕ್ಕನೇ ಜೇಬಿಗಿಟ್ಟು ಕಳಿಸಿದ್ಲು. ದಿನಾ ತಿಂದ್ರಾ ತಿಂದ್ರಾ ಅಂತ ಪ್ರಾಣ ತಿಂತಾಳೆ."

ಮಕ್ಕಳೇ, ಆಮೇಲೆ ನಾನು ವಿಧವೆಯಾದೆ, ಆ ದಿನವನ್ನೂ ಕಂಡೆ. ಆದರೆ ನೆಲ ಜಾರಿದ ಹಾಗಾದದ್ದು ಅವತ್ತು, ಆ ಮಂಚದ ಪಕ್ಕದಲ್ಲಿ.

ಸಂಜೆ ಅಕ್ಕ ಗಂಜಿ ತಂದಳು. ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದಾಗ ಹೋಗಿ ನಿಂತೆ.

"ಅಕ್ಕಾ, ಭಾವ ಮಾತ್ರೆ ಬಿಟ್ಟಿಲ್ವಂತೆ."

ಅಕ್ಕನ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. "ಅವ್ರದ್ದು ಬೇರೆ ಕಣೇ. ಅವ್ರಿಗೆ ವಯಸ್ಸಾಗಿದೆ."

"ಇವ್ರಿಗೆ ಬುಡು ಅಂದ್ಯಲ್ಲ?"

"ಬಿಟ್ರೆ ಬಿಡಬೌದು ಅಂದೆ. ಅವನೇನು ಎಳೇ ಮಗೂನಾ?"

"ನನ್ನ ದೊಡ್ಡ ಮಗ ಅಂತ ಮೈಕಲ್ಲಿ ಹೇಳಿದ್ಯಲ್ಲ."

"ಸ್ಟೇಜ್ ಮೇಲೆ ಜನ ನಂಬಬೇಕು ಅಂದ್ರೆ ಯಾರಾದ್ರೂ ಒಬ್ರು ಬಿಟ್ಟಿರ್ಬೇಕಲ್ವೇನೇ" ಅಂದಳು. ಅಂದ ಮೇಲೆ ತಾನೇನಂದೆ ಅಂತ ಅವಳಿಗೇ ಗೊತ್ತಾಯಿತು. ಕ್ಯಾರಿಯರ್ ಎತ್ತಿಕೊಂಡು ಹೊರಟುಹೋದಳು.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಮ್ಮಜ್ಜನಿಗೆ ಗೊತ್ತಾಗುತ್ತಿತ್ತು. ಮಾತು ಹೋಗಿತ್ತೇ ಹೊರತು ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ತಾಯಿ ಕಾಣದ ಮಗುವಿಗೆ ತಾಯಿಯಾದವಳು, ಗಂಡ ಬೇರೆ ಮೈದುನ ಬೇರೆ ಅಂತ ತೂಗಿ ನೋಡಿದಳು ಅಂತ ಅವರಿಗೆ ಹೇಗೆ ಹೇಳಲಿ? ಕೈ ಹೋಗಿತ್ತು, ಗಂಟಲು ಹೋಗಿತ್ತು. ಅತ್ತಿಗಮ್ಮ ಅನ್ನುವುದೊಂದಾದರೂ ಅವರಿಗೆ ಉಳಿಯಲಿ ಅಂದುಕೊಂಡೆ.

ಅಕ್ಕ ಕಂಪನಿ ಬಿಟ್ಟಳು. ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ, ಬಿಟ್ಟರೆ ಊರು ಕೇಳುತ್ತದಲ್ಲ. ಆಗಾಗ ಸಂಜೆ ಬಂದು ಕುರ್ಚಿಯ ಪಕ್ಕ ಕೂತು, ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ನಾನು ತಿನ್ನಿಸಿದರೆ ಮುಖ ತಿರುಗಿಸುತ್ತಿದ್ದ ನಿಮ್ಮಜ್ಜ ಅವಳ ಕೈಯಿಂದ ಪೂರ್ತಿ ತಿನ್ನುತ್ತಿದ್ದರು. ಅವಳು ಗೇಟು ತೆಗೆದ ಸದ್ದಾದರೆ ಸಾಕು, ಬಾಯಿಯ ಸರಿಯಿದ್ದ ಅರ್ಧದಲ್ಲಿ ನಗುತ್ತಿದ್ದರು. ಅಕ್ಕ ಆ ನಗುವನ್ನು ನೋಡುತ್ತಿರಲಿಲ್ಲ, ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ನಾನು ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಅವಳು ಹೋಗುವವರೆಗೂ ಹೊರಗೆ ಬರುತ್ತಿರಲಿಲ್ಲ.