ಕಾರ್ಯದರ್ಶಿಯ ಮನೆಯ ಕರೆಂಟು

ನಮ್ಮ ಕಡೆ ಕರೆಂಟು ಇರುವುದಿಲ್ಲ, ಬರುತ್ತದೆ, ಹೋಗುತ್ತದೆ. ಮುನಿದ ಅಳಿಯನಂತೆ ಹೇಳದೆ ಕೇಳದೆ ಎದ್ದು ಹೊರಡುವ ಇದರ ದಾರಿ ಕಾದು ಬೇಸತ್ತು, ಮುರುಗಮಲ್ಲದ ಹತ್ತಿರದ ನಮ್ಮೂರಿನ ನಲವತ್ತು ಮನೆಯವರು ಸೇರಿ ಸ್ವಂತ ವಿದ್ಯುತ್ ಸಂಘವನ್ನೇ ಕಟ್ಟಿಕೊಂಡೆವು. ಡೈರಿಯ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ಲು, ಕೆಳಗಿನ ಕೋಣೆಯಲ್ಲಿ ಬ್ಯಾಟರಿ. ಬಲವಿದ್ದವರು ಕಂಬ ನೆಟ್ಟರು, ತಂತಿ ಎಳೆದರು. ನಿವೃತ್ತ ಕನ್ನಡ ಮೇಷ್ಟ್ರಾದ ನಾನು ಕಾರ್ಯದರ್ಶಿಯಾಗಿ ನಿಯಮಾವಳಿ ರಚಿಸಿದೆ.

ಸ್ವಿಚ್ಚುಗಳ ಉಸ್ತುವಾರಿ ನಸೀಮಾಳದು. ಮೊದಲು ಚಿಂತಾಮಣಿಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಹುಡುಗಿ. ನನ್ನ ನಿಯಮಾವಳಿ ಹಿಡಿದು ಬಂದಳು.

"ಸರ್, 'ಮೇಘಾಚ್ಛಾದಿತ ದಿನಗಳಲ್ಲಿ ಯಂತ್ರಚಾಲನೆ ನಿಷಿದ್ಧ' ಅಂದ್ರೇನು ಸರ್?"

"ಮೋಡ ಇದ್ರೆ ಮೋಟಾರ್ ಹಾಕಬೇಡಿ ಅಂತ ಕಣಮ್ಮ."

"ಹಂಗೇ ಬರೀಬೋದಿತ್ತಲ್ವಾ ಸರ್?"

ಬರೆಯಬಹುದಿತ್ತು; ಆದರೆ ಪಾಂಡಿತ್ಯದ ಗತಿ?

ಶ್ರಾವಣದಲ್ಲಿ ಮೂರು ದಿನ ಸೂರ್ಯನ ಸುಳಿವಿಲ್ಲ. ಅದೇ ಹೊತ್ತಿಗೆ ನಮ್ಮ ಮನೆಗೆ ಬೀಗರು ಬರುವವರು. ಹಿಟ್ಟು ರುಬ್ಬಲು ಹೆಂಡತಿ ಹಿಂಜರಿದಳು. "ಕಾರ್ಯದರ್ಶಿ ಮನೇನ ಯಾರೇ ಕೇಳ್ತಾರೆ?" ಎಂದು ನಾನೇ ಗ್ರೈಂಡರ್ ಹಾಕಿದೆ. ಐದು ನಿಮಿಷಕ್ಕೆ ನಮ್ಮ ಮನೆಯದೊಂದೇ ಕರೆಂಟು ಹೋಯಿತು. ಬಾಗಿಲಲ್ಲಿ ನಸೀಮಾ.

"ನಾನೇ ಕಟ್ ಮಾಡ್ದೆ ಸರ್. ಆಸ್ಪತ್ರೆ ಫ್ರಿಜ್ಜೂ ಇದೇ ಬ್ಯಾಟರೀಲಿ ಓಡ್ತಿದೆ. ನಾಳೆ ಮಕ್ಕಳಿಗೆ ಹಾಕೋ ಲಸಿಕೆ ಅದರೊಳಗಿದೆ."

"ಬೇರೆಯವರು ಯಾರೂ ಮೋಟಾರ್ ಹಾಕಿಲ್ವೇನಮ್ಮ?"

"ರೆಡ್ಡಿಗಾರು ಹಾಕವ್ರೆ, ಮುಂದಿನ ಸರದಿ ಅವರದ್ದೇ. ನಿಮ್ಮನ್ನ ಬಿಟ್ಟು ಅವರದ್ದು ಕಟ್ ಮಾಡಿದ್ರೆ ನನ್ನ ಮಾತು ಯಾರು ಕೇಳ್ತಾರೆ ಸರ್?" ಮಾತು ಖಡಕ್ಕಾಗಿತ್ತು.

'ನಿಷಿದ್ಧ' ಎಂದು ಬರೆದವನೂ ನಾನೇ, ಗ್ರೈಂಡರ್ ಹಾಕಿದವನೂ ನಾನೇ. ಹಿಟ್ಟಿನ ಕೈಯಲ್ಲೇ ಹೊರಬಂದ ಹೆಂಡತಿ, "ಸರಿಯಾಗಿ ಮಾಡ್ದೆ ಕಣಮ್ಮ," ಎಂದು, ಹಿತ್ತಲಿನ ಒರಳಿನತ್ತ ನನಗೆ ಕಣ್ಣಿನಲ್ಲೇ ದಾರಿ ತೋರಿಸಿದಳು.

ನಾನು ಒರಳು ತಿರುವುವ ವಿನೋದ ನೋಡಲು ಕಾಂಪೌಂಡಿನಾಚೆ ಜನ ಸೇರಿದರು. "ಹೆಣ್ಣುಮಗಳ ಮಾತು ನಾನು ಕೇಳೋದಾ?" ಎಂದು ಹಿಂದೆ ಸಭೆಯಲ್ಲಿ ಗುಡುಗಿದ್ದ ರೆಡ್ಡಿಯವರೂ ಬಂದರು. ಹೊಟ್ಟೆ ತುಂಬ ನಕ್ಕರು. ಆಮೇಲೆ ಏನೋ ಹೊಳೆದಂತೆ ನಗು ನಿಲ್ಲಿಸಿ, "ಒಂದ್ನಿಮಿಷ ಬರ್ತೀನಿ ಮೇಷ್ಟ್ರೇ," ಎಂದು ಮನೆಗೆ ನಡೆದರು. ಅವರ ಮೋಟಾರಿನ ಸದ್ದು ನಿಂತಿತು. ನಸೀಮಾ ಬ್ಯಾಟರಿ ಕೋಣೆಯತ್ತ ನಡೆದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕಡೆಯಿಂದ ಮಕ್ಕಳ ಅಳು ಒಂದರ ಹಿಂದೊಂದು ಕೇಳಿಬಂತು. ಅಳು ಅಷ್ಟು ಇಂಪಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಬಲತೋಳು ಹಿಡಿದುಕೊಂಡು ಜಗಲಿಯಲ್ಲಿ ನರಳುತ್ತಿದ್ದ ನನ್ನನ್ನು ಕಂಡು, ಆ ದಾರಿಯಲ್ಲಿ ಬಂದ ನಸೀಮಾ ನಿಂತಳು.

"ನಿಮಗೂ ಸೂಜಿ ಹಾಕಿದ್ರಾ ಸರ್?"